ಗೋಡೆ ಉಳಿಯಿತು, ಮನೆ ಹೋಯಿತು

ಜೆರುಸಲೇಮ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಮಸ್ಜಿದುಲ್ ಅಕ್ಸಾ ಮತ್ತು ಬಂಗಾರದ ಗುಮ್ಮಟ. ಅದು ಸಹಜ. ಇಂದು ಅದೇ ನಗರದ ಒಂದು ಹೋಟೆಲಿನ ಕಥೆಯನ್ನು ನಿಮಗೆ ಹೇಳಬೇಕೆನಿಸಿದೆ. ಹೋಟೆಲಿಗೂ ನಮಗೂ ಏನು ಸಂಬಂಧ ಎಂದು ಕೇಳಬೇಡಿ. ಅದು ವಕ್ಫ್ ಆಸ್ತಿಯಾಗಿತ್ತು.

ಹಳೆಯ ನಗರದ ಯಾಫಾ ಬಾಗಿಲಿನಿಂದ ಪಶ್ಚಿಮಕ್ಕೆ ಕೆಲವು ನಿಮಿಷ ನಡೆದರೆ ಮಾಮಿಲ್ಲಾ ಎಂಬ ಪ್ರದೇಶ ಸಿಗುತ್ತದೆ. ಶತಮಾನಗಳಷ್ಟು ಹಳೆಯ ಮುಸ್ಲಿಮ್ ಖಬರಸ್ತಾನವೂ ಅಲ್ಲಿಯೇ ಇದೆ. ಅದರ ಸಮೀಪದಲ್ಲಿ 1929ರ ಕೊನೆಗೆ ‘ಪ್ಯಾಲೇಸ್ ಹೋಟೆಲ್’ ತೆರೆಯಿತು. ಕಟ್ಟಿಸಿದವರು ಯಾವ ಶ್ರೀಮಂತ ವ್ಯಾಪಾರಿಯೂ ಅಲ್ಲ, ಫೆಲೆಸ್ತೀನಿನ ಸುಪ್ರೀಮ್ ಮುಸ್ಲಿಮ್ ಕೌನ್ಸಿಲ್. ಬ್ರಿಟಿಷರ ಆಡಳಿತ ಕಾಲದಲ್ಲಿ, 1922ರಲ್ಲಿ, ವಕ್ಫ್ ಆಸ್ತಿಗಳನ್ನೂ ಶರೀಅತ್ ನ್ಯಾಯಾಲಯಗಳನ್ನೂ ನೋಡಿಕೊಳ್ಳಲು ಹುಟ್ಟಿದ ಸಂಸ್ಥೆ ಅದು. ಮುಫ್ತಿ ಹಾಜಿ ಅಮೀನ್ ಅಲ್ ಹುಸೈನಿ ಅದರ ಅಧ್ಯಕ್ಷರು.

ಈ ಕೌನ್ಸಿಲಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಅಕ್ಸಾ ಮಸೀದಿಯ ದುರಸ್ತಿಗೆ ಹಣ ಸಂಗ್ರಹಿಸಲು ಅದರ ನಿಯೋಗವೊಂದು 1923-24ರಲ್ಲಿ ಭಾರತಕ್ಕೆ ಬಂದಿತ್ತು. ಹೈದರಾಬಾದಿನ ನಿಜಾಮರು ಉದಾರವಾಗಿ ನೆರವಾದರು. ನಮ್ಮ ಕಲಬುರಗಿ, ಬೀದರ್, ರಾಯಚೂರುಗಳು ಆಗ ಅವರದೇ ಸಂಸ್ಥಾನದಲ್ಲಿದ್ದವು. 1931ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ನಮ್ಮ ಮೌಲಾನಾ ಮುಹಮ್ಮದಲಿ ಜೌಹರರನ್ನು ದಫನ ಮಾಡಿದ್ದು ಅಕ್ಸಾದ ಆವರಣದ ಅಂಚಿನಲ್ಲಿಯೇ.

ವಕ್ಫ್ ಹಣದಿಂದ ಹೋಟೆಲ್ ಕಟ್ಟಿಸುವುದೇ ಎಂದು ನಿಮಗೆ ಅನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತು. ಆದರೆ ಮಸೀದಿಯ ಪಕ್ಕ ನಾಲ್ಕು ಅಂಗಡಿ ಕಟ್ಟಿ, ಅದರ ಬಾಡಿಗೆಯಿಂದ ಮದ್ರಸಾ ನಡೆಸುವುದು ನಮ್ಮ ಊರುಗಳಲ್ಲೂ ಇದೆಯಲ್ಲವೇ? ಕೌನ್ಸಿಲಿನ ಮೇಲೆ ಮಸೀದಿ, ಶಾಲೆಗಳ ಹೊಣೆಯಿತ್ತು. 1922ರಲ್ಲಿ ಆರಂಭಿಸಿದ ಅನಾಥಾಲಯವೂ ಇತ್ತು. ಆ ಖರ್ಚುಗಳಿಗೆ ಸ್ಥಿರ ಆದಾಯ ಬೇಕಿತ್ತು.

ತುರ್ಕಿಯ ವಾಸ್ತುಶಿಲ್ಪಿ ಮೆಹ್ಮೆತ್ ನಿಹಾದ್ ಅದರ ನಕ್ಷೆ ಬರೆದರು. ಕಮಾನುಗಳು, ಕಲ್ಲಿನ ಕೆತ್ತನೆ, ಒಳಗೆ ಲಿಫ್ಟ್, ಚಳಿಗಾಲಕ್ಕೆ ಇಡೀ ಕಟ್ಟಡ ಬೆಚ್ಚಗಿಡುವ ಏರ್ಪಾಡು. ಗುತ್ತಿಗೆದಾರರಲ್ಲಿ ಅರಬರೂ ಇದ್ದರು, ಯಹೂದಿಗಳೂ ಇದ್ದರು. ಕಟ್ಟಡದ ನೆತ್ತಿಯ ಮೇಲೆ ಅರಬಿ ಕಾವ್ಯದ ಸಾಲೊಂದನ್ನು ಕೆತ್ತಿಸಿದರು.

ಆದರೆ 1931ರಲ್ಲಿ ಸಮೀಪದಲ್ಲಿಯೇ ಕಿಂಗ್ ಡೇವಿಡ್ ಹೋಟೆಲ್ ಬಾಗಿಲು ತೆರೆಯಿತು. ಅದರ ಮುಂದೆ ಪ್ಯಾಲೇಸ್ ನಿಲ್ಲಲಾಗಲಿಲ್ಲ. ಆದರೂ 1933 ಮತ್ತು 1934ರಲ್ಲಿ ಅರಬ್ ವಸ್ತು ಪ್ರದರ್ಶನಗಳು ಇದೇ ಕಟ್ಟಡದಲ್ಲಿ ನಡೆದವು. ಅರಬ್ ನಾಡುಗಳ ಕೈಗಾರಿಕೆ ಮತ್ತು ಕರಕುಶಲ ವಸ್ತುಗಳನ್ನು ನೋಡಲು ಜನ ಬಂದರು. ನಾವೂ ತಯಾರಿಸಬಲ್ಲೆವು, ನಾವೂ ವ್ಯಾಪಾರ ಮಾಡಬಲ್ಲೆವು ಎಂಬ ಭರವಸೆ ಆ ಕೋಣೆಗಳಲ್ಲಿ ತುಂಬಿದ ದಿನಗಳವು. ಬಳಿಕ ಹೋಟೆಲ್ ಮುಚ್ಚಿತು. ಬ್ರಿಟಿಷ್ ಸರಕಾರ ಕಟ್ಟಡವನ್ನು ಬಾಡಿಗೆಗೆ ಪಡೆದು ಕಚೇರಿ ಮಾಡಿಕೊಂಡಿತು.

ಮುಂದೆ ನಡೆದುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1936ರ ಕೊನೆಯಲ್ಲಿ ಬ್ರಿಟನ್ ಕಳುಹಿಸಿದ ಪೀಲ್ ಆಯೋಗ ವಿಚಾರಣೆ ನಡೆಸಿದ್ದು ಇದೇ ಕಟ್ಟಡದಲ್ಲಿ. ಇದನ್ನು ಕಟ್ಟಿಸಿದ ಮುಫ್ತಿಯವರೇ 1937ರ ಜನವರಿಯಲ್ಲಿ ಆಯೋಗದ ಮುಂದೆ ಸಾಕ್ಷಿ ನುಡಿದರು. ಅದೇ ವರ್ಷದ ಜುಲೈಯಲ್ಲಿ ಆಯೋಗದ ವರದಿ ಬಂತು. ಫೆಲೆಸ್ತೀನನ್ನು ಇಬ್ಭಾಗ ಮಾಡಬೇಕೆಂಬ ಸಲಹೆ ಅದರಲ್ಲಿತ್ತು. ವಕ್ಫ್ ಹಣದಿಂದ ಎದ್ದ ಛಾವಣಿಯ ಕೆಳಗೇ ನಾಡನ್ನು ಒಡೆಯುವ ವರದಿಗೆ ಸಾಕ್ಷ್ಯ ಸಂಗ್ರಹವಾಯಿತು!

1948ರಲ್ಲಿ ನಗರದ ಪಶ್ಚಿಮ ಭಾಗ ಇಸ್ರೇಲಿನ ವಶವಾಯಿತು. 1950ರಲ್ಲಿ ‘ಗೈರುಹಾಜರಾದವರ ಆಸ್ತಿ’ ಎಂಬ ಕಾನೂನು ಬಂತು. ಯುದ್ಧದಲ್ಲಿ ಮನೆ ಬಿಟ್ಟು ಓಡಿದವರ ಆಸ್ತಿಯೆಲ್ಲ ಸರಕಾರದ ಕೈಗೆ. ವಕ್ಫ್ ಆಸ್ತಿಗಳನ್ನೂ ಇದೇ ಕಾನೂನಿನಡಿ ತೆಗೆದುಕೊಂಡರು. ಅಲ್ಲಾಹನ ಹೆಸರಿಗೆ ಬಿಟ್ಟ ಆಸ್ತಿಗೆ ‘ಗೈರುಹಾಜರಿ’ ಎಂಬ ಹಣೆಪಟ್ಟಿ! ಪ್ಯಾಲೇಸ್ ಹೋಟೆಲ್ ಬಹುಕಾಲ ಇಸ್ರೇಲಿನ ವ್ಯಾಪಾರ ಮತ್ತು ಕೈಗಾರಿಕಾ ಸಚಿವಾಲಯದ ಕಚೇರಿಯಾಗಿತ್ತು. ಕೊನೆಗೆ ಖಾಸಗಿಯವರ ಪಾಲಾಯಿತು. ಹೊರಗಿನ ಚಂದದ ಗೋಡೆಯನ್ನು ಉಳಿಸಿಕೊಂಡು ಒಳಭಾಗವನ್ನು ಕೆಡವಿದರು. ಆ ಗೋಡೆಯ ಹಿಂದೆ ಎದ್ದ ಐಷಾರಾಮಿ ಹೋಟೆಲ್ ವಾಲ್ಡಾರ್ಫ್ ಆಸ್ಟೋರಿಯಾ 2014ರಲ್ಲಿ ತೆರೆಯಿತು. ನೆತ್ತಿಯ ಮೇಲಿನ ಅರಬಿ ಸಾಲು ಮಾತ್ರ ಹಾಗೆಯೇ ಇದೆ. ಅದು ಇಲ್ಲಿ ಯಾರಿದ್ದರೆಂದು ಓದಬಲ್ಲವರಿಗೆ ಹೇಳುತ್ತದೆ.

ಈಗ ಅದೇ ನಗರದ ಇನ್ನೊಂದು ವಕ್ಫನ್ನು ನೋಡಿ. ಸುಲ್ತಾನ್ ಸುಲೈಮಾನರ ಪತ್ನಿ ಹುರ್ರಮ್ ಸುಲ್ತಾನ್ 1552ರಲ್ಲಿ ಹಳೆಯ ನಗರದೊಳಗೆ ಬಡವರಿಗಾಗಿ ಒಂದು ಅಡುಗೆಮನೆ ಕಟ್ಟಿಸಿದರು. ಅದರ ಖರ್ಚಿಗೆ ಹಳ್ಳಿಗಳ ಆದಾಯವನ್ನು ಬಿಟ್ಟುಕೊಟ್ಟು, ಎಲ್ಲವನ್ನೂ ವಕ್ಫ್ ಪತ್ರದಲ್ಲಿ ಬರೆಸಿದರು. ಆ ಹಳ್ಳಿಗಳ ಆದಾಯ ಇಂದಿಲ್ಲ. ಆದರೂ ‘ಖಾಸ್ಕಿ ಸುಲ್ತಾನ್ ತಕಿಯಾ’ ಎಂದು ಜನ ಕರೆಯುವ ಆ ಅಡುಗೆಮನೆಯಲ್ಲಿ ಇಂದಿಗೂ ಒಲೆ ಉರಿಯುತ್ತದೆ. ರಮಝಾನಿನಲ್ಲಿ ಜನ ಪಾತ್ರೆ ಹಿಡಿದು ಬರುತ್ತಾರೆ. ಒಬ್ಬ ಹೆಣ್ಣು ಹೊತ್ತಿಸಿದ ಒಲೆ ಅದು. ವಕ್ಫ್ ಎಂದರೆ ಗಂಡಸರ ವ್ಯವಹಾರ ಎಂದು ನಮಗೆ ಹೇಳುವವರು ಇದನ್ನೂ ನೆನಪಿಡಲಿ.

ನಮ್ಮ ಮೊಹಲ್ಲಾದಲ್ಲೂ ಹಿಂದೆ ಒಬ್ಬ ವಿಧವೆ ತಾಯಿ ಇದ್ದರು. ಹಿತ್ತಿಲಿನ ಎರಡು ತೆಂಗಿನ ಮರಗಳ ಆದಾಯ ಮದ್ರಸಾದ ದೀಪದೆಣ್ಣೆಗೆ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಅವರು ಬದುಕಿರುವವರೆಗೆ ಕಾಯಿಗಳು ತಪ್ಪದೆ ಹೋಗುತ್ತಿದ್ದವು. ಅವರ ನಂತರ ಮನೆ ಮಾರಾಟವಾದಾಗ, ಕೊಂಡವರು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಿ ಬರೆದಿದೆ?” ಯಾರ ಬಳಿಯೂ ಉತ್ತರವಿರಲಿಲ್ಲ.

ಹಝ್ರತ್ ಉಮರ್(ರ)ರವರು ಖೈಬರಿನಲ್ಲಿ ತಮಗೆ ದೊರೆತ ಜಮೀನಿನ ಬಗ್ಗೆ ಪ್ರವಾದಿವರ್ಯರ(ಸ) ಸಲಹೆ ಕೇಳಿ, ಅದನ್ನು ಮಾರಬಾರದು, ಯಾರಿಗೂ ಉಡುಗೊರೆ ಕೊಡಬಾರದು, ವಾರಸುದಾರರಿಗೆ ಹಂಚಬಾರದು ಎಂಬ ಷರತ್ತಿನೊಂದಿಗೆ ದಾನ ಮಾಡಿದ್ದು ನಮಗೆಲ್ಲ ತಿಳಿದಿದೆ. ಷರತ್ತು ಅಷ್ಟು ಸ್ಪಷ್ಟವಾಗಿದ್ದುದರಿಂದಲೇ ಅದು ಇಂದಿಗೂ ಮಾದರಿ.

ಕಾಗದವಿದ್ದರೆ ಎಲ್ಲವೂ ಉಳಿಯುತ್ತದೆ ಎಂದು ನಾನು ಹೇಳಲಾರೆ. ಪ್ಯಾಲೇಸ್ ಹೋಟೆಲ್ ಯಾರದ್ದೆಂದು ಇಡೀ ಊರಿಗೇ ಗೊತ್ತಿತ್ತು. ಆದರೂ ಅಧಿಕಾರದ ಮುಂದೆ ಅದು ಉಳಿಯಲಿಲ್ಲ. ಆದರೆ ಬರಹವಿದ್ದಲ್ಲಿ ಕಡೇ ಪಕ್ಷ ‘ಇದು ನಮ್ಮದಾಗಿತ್ತು’ ಎಂಬ ಸತ್ಯವಾದರೂ ಉಳಿಯುತ್ತದೆ. ಬರಹವೇ ಇಲ್ಲದಲ್ಲಿ ಕೇಳುವ ಹಕ್ಕೂ ಹೋಗುತ್ತದೆ. ನಮ್ಮ ದೇಶದಲ್ಲಿ 2025ರ ತಿದ್ದುಪಡಿಯ ನಂತರ ವಕ್ಫ್ ಪತ್ರವಿಲ್ಲದೆ ಹೊಸ ವಕ್ಫ್ ಮಾಡುವಂತಿಲ್ಲ. ಬಾಯಿಮಾತಿನ ಕಾಲ ಮುಗಿಯಿತು.

ಆದ್ದರಿಂದ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಬಳಿ ಕುಳಿತು ಕೇಳಿ. ನಮ್ಮ ಕುಟುಂಬದಿಂದ ಮಸೀದಿಗೆ, ಮದ್ರಸಾಕ್ಕೆ, ಖಬರಸ್ತಾನಕ್ಕೆ ಏನಾದರೂ ಕೊಟ್ಟಿದ್ದುಂಟೇ? ಯಾರು ಕೊಟ್ಟರು, ಯಾವ ಉದ್ದೇಶಕ್ಕೆ, ಅದರ ಗಡಿ ಎಲ್ಲಿ? ಕೇಳಿದ್ದನ್ನು ಬರೆದಿಡಿ. ಪೆಟ್ಟಿಗೆಯ ತಳದಲ್ಲಿರುವ ಹಳೆಯ ಪತ್ರಗಳ ನಕಲು ತೆಗೆಸಿ ಜಮಾಅತಿನವರಿಗೂ ಒಂದು ಪ್ರತಿ ಕೊಡಿ. ದಾನ ಮಾಡಿದವರು ಮಣ್ಣು ಸೇರಿದ್ದಾರೆ. ಅವರ ಪುಣ್ಯದ ಬಾಗಿಲು ತೆರೆದಿರುವುದು ಆ ದಾನ ಉಳಿದಿರುವವರೆಗೆ. ಅದನ್ನು ಕಾಯುವ ಅಮಾನತ್ತು ಈಗ ನಮ್ಮ ಕೈಯಲ್ಲಿದೆ.