ಅಳತೆ ರವಿಕೆ ಇಲ್ಲದ ವಿಮಾನ

ದರ್ಜಿಗೆ ಹೊಸ ಬಟ್ಟೆ ಕೊಡುವಾಗ ಜೊತೆಗೊಂದು ಅಳತೆ ರವಿಕೆ ಕೊಡುತ್ತೇವಲ್ಲ, ಆ ಅಳತೆ ರವಿಕೆಯೇ ಇಲ್ಲದಿದ್ದರೆ? ಮೈಯಳತೆಯಾದರೂ ಕೊಡೋಣವೆಂದರೆ ತೊಡುವವರೂ ಇಲ್ಲ. ಇರುವುದು ನಾಲ್ಕಾರು ಹಳೆಯ ಫೋಟೋ, ಎರಡು ನಕ್ಷೆ, ಅಷ್ಟೇ. ಇದನ್ನು ನೋಡಿ ಹೊಲಿದುಕೊಡಿ ಅಂದರೆ ಯಾವ ದರ್ಜಿ ಒಪ್ಪುತ್ತಾನೆ ಹೇಳಿ! ಈ ಬೇಸಿಗೆ ರಜೆಯಲ್ಲಿ ನನ್ನ ಮಗ ಒಪ್ಪಿಕೊಂಡು ಕೂತ ಕೆಲಸ ಇಂಥದ್ದೇ. ಅವನಿಗೆ ಬೇಕಾಗಿದ್ದು ಮಾತ್ರ ರವಿಕೆಯಲ್ಲ, ವಿಮಾನ.

ನಗಬೇಡಿ, ಪೂರ್ತಿ ಕೇಳಿ. ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದಾನೆ. ಕಂಪ್ಯೂಟರ್ ಮುಂದೆ ಕೂತರೆ ಊಟಕ್ಕೆ ನಾಲ್ಕು ಸಲ ಕೂಗಬೇಕು. ನಿಮ್ಮ ಮನೆಯಲ್ಲೂ ಇದೇ ಕಥೆಯಿರಬಹುದು. ಆದರೆ ಇವನು ಆಡುವ ‘ಸಿಂಪಲ್ ಪ್ಲೇನ್ಸ್’ ಎಂಬ ಆಟದಲ್ಲಿ ಆಡುವುದಕ್ಕಿಂತ ಕಟ್ಟುವುದೇ ಹೆಚ್ಚು. ಮೈ, ರೆಕ್ಕೆ, ಇಂಜಿನ್, ಗಾಲಿ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಬೇಕಾದಷ್ಟು ಎಳೆದು, ಕುಗ್ಗಿಸಿ, ಜೋಡಿಸಿಕೊಳ್ಳಬೇಕು. ಜೋಡಿಸಿದ್ದು ಸರಿಯಿದ್ದರೆ ಹಾರುತ್ತದೆ, ಇಲ್ಲದಿದ್ದರೆ ಮೂತಿ ಮುರಿದುಕೊಂಡು ಬೀಳುತ್ತದೆ. ಭಾರದ ಬಿಂದು ಎಲ್ಲಿದೆ, ರೆಕ್ಕೆ ಎತ್ತಿ ಹಿಡಿಯುವ ಬಿಂದು ಎಲ್ಲಿದೆ ಎಂದು ಎರಡು ಬಣ್ಣದ ಗುಂಡುಗಳು ತೋರಿಸುತ್ತವೆ. ಭಾರದ್ದು ಕೊಂಚ ಮುಂದಿರಬೇಕಂತೆ. ಹಿಂದೆ ಸರಿಯಿತೋ, ವಿಮಾನ ಮೂತಿ ಮೇಲೆತ್ತಿ ಮಗುಚಿಕೊಳ್ಳುತ್ತದೆ. ಕೊಡ ಹೊತ್ತು ನಡೆದವರಿಗೆ ಇದನ್ನೇನೂ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಕಟ್ಟಹೊರಟಿದ್ದು ‘ಸೀ ಹಾರ್ನೆಟ್’ ಎಂಬ ಬ್ರಿಟಿಷ್ ನೌಕಾಪಡೆಯ ವಿಮಾನ. ಹಾರ್ನೆಟ್ ಎಂದರೆ ಕಣಜದ ಜಾತಿಯ ಹುಳು. ಎರಡು ಇಂಜಿನ್, ಓಡಿಸುವವನು ಒಬ್ಬನೇ. ಡಿ ಹ್ಯಾವಿಲೆಂಡ್ ಕಂಪನಿಯವರು ಜಪಾನಿನ ಮೇಲಿನ ಯುದ್ಧಕ್ಕೆಂದು ಹಾರ್ನೆಟ್ಟನ್ನು ಮಾಡಿದರು. ಮೊದಲು ಹಾರಿದ್ದು 1944ರ ಜುಲೈ 28ರಂದು, ಅದರ ನೌಕಾಪಡೆಯ ರೂಪ ಹಾರಿದ್ದು 1945ರ ಏಪ್ರಿಲಿನಲ್ಲಿ. ಪಡೆಗೆ ಸೇರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಆಮೇಲೆ ಜೆಟ್ ವಿಮಾನಗಳು ಬಂದವು, ಇವು ಮೂಲೆಗೆ ಸರಿದವು. ವಾಯುಪಡೆಯವು, ನೌಕಾಪಡೆಯವು ಸೇರಿ 350ಕ್ಕೂ ಹೆಚ್ಚು ತಯಾರಾಗಿದ್ದವು. ಇಂದು ಇಡೀ ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದದ್ದು ಒಂದೂ ಇಲ್ಲ. ಅಲ್ಲೊಂದು ಇಲ್ಲೊಂದು ತುಂಡು ಇವೆಯಂತೆ. ಯಾವ ಮ್ಯೂಸಿಯಮ್ಮಿಗೆ ಹೋದರೂ ಇಡೀ ವಿಮಾನವನ್ನು ಮುಟ್ಟಿ ನೋಡುವ ಹಾಗಿಲ್ಲ.

ಹಾಳಾಗಿ ಹೋಗುವುದಕ್ಕೆ ಅದರ ಮೈಯೂ ಒಂದು ಕಾರಣವಿದ್ದೀತು. ಮೈ ಮರದ್ದು, ಕೇಳಿದಿರಾ! ಎರಡು ಪದರ ಪ್ಲೈವುಡ್ಡಿನ ನಡುವೆ ಹತ್ತಿಯಂತೆ ಹಗುರವಾದ ಬಾಲ್ಸಾ ಮರ. ಎಡ ಹೋಳು, ಬಲ ಹೋಳು ಬೇರೆಬೇರೆ ಅಚ್ಚಿನ ಮೇಲೆ ಮಾಡಿ, ಒಳಗಿನ ಸಾಮಾನೆಲ್ಲ ಕೂರಿಸಿ, ಆಮೇಲೆ ಮೇಲೂ ಕೆಳಗೂ ಪಟ್ಟಿಯಿಟ್ಟು ಅಂಟಿಸುತ್ತಿದ್ದರು. ರೆಕ್ಕೆಯಲ್ಲಿ ಮೇಲುಭಾಗ ಮರ, ಕೆಳಗಿನ ಹೊದಿಕೆ ಅಲ್ಯೂಮಿನಿಯಂ. ಎರಡನ್ನೂ ಹಿಡಿದಿಟ್ಟದ್ದು ರೆಡಕ್ಸ್ ಎಂಬ ಅಂಟು. ವಾಯುಪಡೆಯ ಹಾರ್ನೆಟ್ಟುಗಳು 1951ರಿಂದ 1955ರವರೆಗೆ ಮಲಯದಲ್ಲಿದ್ದವು. ಅಲ್ಲಿನ ಸೆಕೆ, ತೇವ ಮರಕ್ಕೆ ಒಗ್ಗಲಿಲ್ಲ. ಮಳೆಗಾಲದಲ್ಲಿ ಬಚ್ಚಲ ಬಾಗಿಲು ಉಬ್ಬಿಕೊಂಡು ಹಾಕಲೂ ಆಗದೆ ತೆಗೆಯಲೂ ಆಗದೆ ಒದ್ದಾಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಈ ವಿಷಯಕ್ಕೆ ತಲೆ ಹಾಕಿದ್ದು ಈ ಎರಡು ಹೋಳಿನಿಂದಲೇ. ರವಿಕೆಯ ಬೆನ್ನು ಕತ್ತರಿಸುವಾಗ ಬಟ್ಟೆ ಮಡಚಿ ಅರ್ಧ ಗುರುತು ಹಾಕುತ್ತೇವೆ, ಬಿಚ್ಚಿದರೆ ಎರಡೂ ಕಡೆ ಸಮ. ಆಟದಲ್ಲೂ ಹಾಗೇ, ಎಡಗಡೆ ಕಟ್ಟಿ ಒಂದು ಗುಂಡಿ ಒತ್ತಿದರೆ ಕನ್ನಡಿಯಲ್ಲಿ ಕಂಡಂತೆ ಬಲಗಡೆಯೂ ಎದ್ದು ನಿಲ್ಲುತ್ತದೆ. ನಕ್ಷೆಯ ಮೇಲೆ ಟೇಪು ಹಿಡಿದು, ರೆಕ್ಕೆಯ ಉದ್ದಕ್ಕೆ ಮೂತಿ ಎಷ್ಟು ಪಾಲು, ಇಂಜಿನ್ನಿನ ಹೊಟ್ಟೆ ಎಷ್ಟು ಪಾಲು ಎಂದು ನಾನು ಅಳೆದು ಹೇಳುತ್ತಿದ್ದೆ, ಅವನು ಕೂರಿಸುತ್ತಿದ್ದ. ನಮ್ಮವರು ಪೇಪರಿನ ಮರೆಯಿಂದ ನೋಡಿ, “ತಾಯಿ ಮಗ ಕಾರ್ಖಾನೆ ತೆಗೆದಿರೋ ಹಾಗಿದೆ” ಎಂದರು.

ಕನ್ನಡಿ ಗುಂಡಿ ಬರಿಯ ಸೋಮಾರಿತನವಲ್ಲ, ಈ ವಿಮಾನಕ್ಕೆ ಅದು ಒಪ್ಪುತ್ತದೆ. ಸಾಮಾನ್ಯವಾಗಿ ಎರಡು ಫ್ಯಾನೂ ಒಂದೇ ದಿಕ್ಕಿಗೆ ತಿರುಗಿದರೆ ವಿಮಾನ ಓಡುವಾಗ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಡಗಿನ ಕಿರಿದಾದ ಅಟ್ಟದ ಮೇಲೆ ಹಾಗೆ ಎಳೆದರೆ ಸೀದಾ ಸಮುದ್ರಕ್ಕೆ. ಅದಕ್ಕೇ ಹಾರ್ನೆಟ್ಟಿನಲ್ಲಿ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗುವ ಹಾಗೆ ಎರಡು ಬಗೆಯ ಮರ್ಲಿನ್ ಇಂಜಿನ್ ಹಾಕಿದರು. ಆದರೂ ಮೊದಲು ಆರಿಸಿದ ದಿಕ್ಕಿನಲ್ಲಿ ಬಾಲದ ಚುಕ್ಕಾಣಿಗೆ ಹಿಡಿತ ಸಾಲಲಿಲ್ಲವಂತೆ, ಎರಡನ್ನೂ ಅದಲುಬದಲು ಮಾಡಿದ ಮೇಲೆ ಸರಿಹೋಯಿತು.

ವಿಮಾನದ ಚೆಲುವು ಬಂದದ್ದಾಯಿತು, ಹಾರಿದ್ದೂ ಆಯಿತು. ತಕರಾರು ಶುರುವಾದದ್ದು ಹಡಗಿನಿಂದ. ಹಡಗಿನಲ್ಲಿ ಜಾಗ ಕಡಿಮೆ, ವಠಾರದ ಮನೆಯ ಹಾಗೆ. 45 ಅಡಿ ಅಗಲದ ರೆಕ್ಕೆಯನ್ನು ತುದಿಯಿಂದ ಮೇಲಕ್ಕೆ ಮಡಚಿ 28 ಅಡಿಯೊಳಗೆ ತರಬೇಕು. ಇಳಿಯುವಾಗ ಅಟ್ಟದ ಮೇಲೆ ಅಡ್ಡ ಕಟ್ಟಿದ ತಂತಿಗೆ ಸಿಕ್ಕಿಕೊಳ್ಳಲು ಹೊಟ್ಟೆಯಡಿಯಲ್ಲಿ ಉಕ್ಕಿನ ಕೊಕ್ಕೆ ಬೇಕು. ಆ ಜಗ್ಗಿಗೆ ಮರದ ಮೈ ಸೀಳದಿರಲು ಹಿಂಭಾಗದಲ್ಲಿ ಎರಡು ಹೆಚ್ಚಿನ ತೊಲೆ ಕೊಟ್ಟರು. ಗಾಲಿಯ ಕಾಲುಗಳಲ್ಲಿ ಮೊದಲು ರಬ್ಬರ್ ತುಂಡುಗಳಿದ್ದವು, ಹಡಗಿನ ಮೇಲೆ ಧೊಪ್ಪನೆ ಇಳಿದರೆ ಅವು ಚೆಂಡಿನಂತೆ ಪುಟಿಯುತ್ತವೆ. ತೆಗೆದು ಎಣ್ಣೆಯ ಒತ್ತಡದ ಕಾಲು ಹಾಕಿದರು. ಈ ಬದಲಾವಣೆಗಳಿಂದ ಭಾರ ಸುಮಾರು 550 ಪೌಂಡು ಹೆಚ್ಚಿತು, ವೇಗ ಗಂಟೆಗೆ 11 ಮೈಲಿ ಇಳಿಯಿತು.

ಮಗನ ವಿಮಾನವೂ ಹೀಗೆಯೇ ಪುಟಿದು, ಹಡಗಿನ ಆ ತುದಿಯಿಂದ ನೀರಿಗೆ ಬೀಳುತ್ತಿತ್ತು. ರೆಕ್ಕೆಗೆ ಮಡಚುವ ಕೀಲು ಹಾಕಿದ ಮೇಲಂತೂ ಗಾಳಿಯಲ್ಲಿ ತುದಿಗಳು ಲಟಲಟ ಅಲ್ಲಾಡಿದವು. ಹದಿನೈದು ದಿನ ಇದೇ ಗೋಳು. ಒಂದು ಸಂಜೆ ನೋಡುತ್ತೇನೆ, ಚೊಕ್ಕವಾಗಿ ಇಳಿದು ನಿಂತಿದೆ! ಹೇಗಾಯಿತೋ ಎಂದರೆ ಹುಡುಗನ ಬಾಯಿ ತಡವರಿಸಿತು. ಕೀಲನ್ನು ಕಿತ್ತುಹಾಕಿದ್ದಾನೆ. ಇಂಜಿನ್, ಇಂಧನ ಬಿಟ್ಟು ಉಳಿದ ಭಾಗಗಳ ತೂಕದ ಜಾಗದಲ್ಲಿ ಸೊನ್ನೆ ಬರೆದಿದ್ದಾನೆ. ಆಟದಲ್ಲಿ ಹಾಗೆ ಬರೆಯಲು ಅವಕಾಶವಿದೆಯಂತೆ.

“ಹೊರಗಿಂದ ನೋಡಿದ್ರೆ ಅದೇ ಥರಾ ಇದೆಯಲ್ಲಮ್ಮಾ. ಒಳಗಿಂದು ಯಾರಿಗೆ ಗೊತ್ತಾಗುತ್ತೆ?”

“ನಿಜವಾದ್ದು ಎಲ್ಲಾದ್ರೂ ನಿಂತಿದ್ರೆ, ನೋಡಿದೋರು ಸುಳ್ಳು ಹಿಡೀತಿದ್ರು ಕಣೋ. ಅದೇ ಇಲ್ವಲ್ಲ. ಇನ್ನು ನೀನು ಮಾಡಿದ್ದನ್ನೇ ಜನ ಸೀ ಹಾರ್ನೆಟ್ ಅಂದ್ಕೋತಾರೆ” ಎಂದೆ.

“ಇದು ಆಟ ಅಮ್ಮ!”

“ಆಟ ಅಂದ್ಮೇಲೆ ಬೇರೆ ಹೆಸರಿಡು. ಆ ಹೆಸರು ಯಾಕೆ?”

ಎರಡು ದಿನ ನನ್ನೊಡನೆ ಮಾತಿಲ್ಲ. ನಮ್ಮವರೂ ಅವನ ಪಕ್ಷ ವಹಿಸಿ, “ಮಕ್ಕಳಾಟಕ್ಕೆ ಇಷ್ಟೊಂದು ಶಾಸ್ತ್ರವೇ?” ಎಂದರು. ನನ್ನ ಮನಸ್ಸು ಬದಲಾಗಲಿಲ್ಲ. 1945ರ ಆಗಸ್ಟಿನಲ್ಲಿ ಎರಿಕ್ ಬ್ರೌನ್ ಎಂಬ ನೌಕಾಪಡೆಯ ಪರೀಕ್ಷಾ ಪೈಲಟ್ ‘ಓಷನ್’ ಎಂಬ ಹಡಗಿನ ಮೇಲೆ ಈ ವಿಮಾನ ಇಳಿಸಿದ್ದರು. ಜೀವಮಾನದಲ್ಲಿ 2,407 ಸಲ ಹಡಗಿನ ಮೇಲೆ ಇಳಿದವರು ಅವರು, ತೀರಿಕೊಂಡದ್ದು 2016ರಲ್ಲಿ. ಅವರ ಕೈಗೆ ತಾಗಿದ್ದ ಭಾರವನ್ನು ನಾವು ಸೊನ್ನೆ ಎಂದು ಬರೆದರೆ ಕಟ್ಟಿದ್ದು ಏನನ್ನು?

ಮೂರನೆಯ ದಿನ ತಾನೇ ಬಂದು, “ಅಮ್ಮ, 550 ಪೌಂಡ್ ಅಂದ್ರೆ ಎಷ್ಟು ಕೇಜಿ?” ಎಂದ. ಸುಮಾರು 250. ಸೊನ್ನೆಗಳನ್ನೆಲ್ಲ ಅಳಿಸಿ, ಕೀಲಿನ ಎರಡೂ ಬದಿಗೆ ಗಟ್ಟಿ ಆಸರೆ ಕೊಟ್ಟು, ಗಾಲಿಯ ಕಾಲುಗಳನ್ನು ಬದಲಿಸಿದ. ಮತ್ತೆ ಎಷ್ಟೋ ಸಲ ಬಿತ್ತು. ಕೊನೆಗೊಂದು ಭಾನುವಾರ ನಾನು ದೋಸೆ ಹಂಚಿನ ಮುಂದಿದ್ದಾಗ, “ನಿಂತಿತು!” ಎಂದು ಕೂಗಿಕೊಂಡ. ಹೋಗಿ ನೋಡಿದೆ. ಹಡಗಿನ ತುದಿಗೆ ಒಂದು ಮಾರು ಉಳಿದಿತ್ತು. ಅಲ್ಲಿ ನಿಂತು ಮೆಲ್ಲಗೆ ರೆಕ್ಕೆ ಮಡಚಿಕೊಂಡಿತು. ಹಂಚಿನ ಮೇಲಿದ್ದ ದೋಸೆ ಸೀದದ್ದು ಬೇರೆ ಮಾತು. ವೇಗ ಇಳಿದದ್ದು 11 ಮೈಲಿಗಿಂತ ಹೆಚ್ಚೇ, ಅದನ್ನವನು ಮುಚ್ಚಿಡದೆ ಪಟ್ಟಿಯಲ್ಲಿ ಬರೆದಿಟ್ಟಿದ್ದಾನೆ.

ಮೂತಿಯ ಕೆಳಗಿನ ನಾಲ್ಕು ಫಿರಂಗಿಗಳ ವಿಷಯದಲ್ಲಿ ನನಗೆ ಸಮಾಧಾನವಿರಲಿಲ್ಲ. ಮಲಯದ ಕಾಡಿನಲ್ಲಿ ಹಾರ್ನೆಟ್ಟುಗಳು ಬಾಂಬು ಹಾಕಿದ್ದನ್ನೂ ಅವನೇ ಓದಿ ಹೇಳಿದ್ದ. “ಇವನ್ನಾದರೂ ಬಿಡೋ” ಎಂದರೆ, “ನೀನೇ ಹೇಳಿದ್ಯಲ್ಲಮ್ಮಾ, ಇದ್ದದ್ದು ಇದ್ದ ಹಾಗೆ ಇರಬೇಕು ಅಂತ” ಎಂದು ನನ್ನ ಬಾಯಿ ಮುಚ್ಚಿಸಿದ. ಫಿರಂಗಿಗಳು ಅಲ್ಲೇ ಇವೆ.

ಈಗ ಅದರ ರಾತ್ರಿ ಹಾರುವ ರೂಪಕ್ಕೆ ಕೈ ಹಾಕಿದ್ದಾನೆ. ಅದಕ್ಕೆ ಮೂತಿಯಲ್ಲಿ ರಾಡಾರ್, ಬೆನ್ನಿನ ಮೇಲೆ ಇನ್ನೊಬ್ಬನಿಗೆ ಸೀಟು. ಭಾರದ ಬಿಂದು ಮತ್ತೆ ಸರಿದುಹೋಗಿದೆಯಂತೆ, ಟೇಪು ಎಲ್ಲಿಟ್ಟೆ ಎಂದು ಕೇಳುತ್ತಿದ್ದಾನೆ.