ಚಂದ್ರಗುತ್ತಿ, ಚದರಗತತ ಮತ್ತು ಕೆಲವು ಫ್ರೇಮ್‌ವರ್ಕುಗಳು

ಬಹಳ ದಿನ ಆಯ್ತು ಇಲ್ಲಿ ಏನೂ ಬರೀದೆ. ಇವತ್ತಿನದು ಸ್ವಲ್ಪ ಟೆಕ್ನಿಕಲ್ ಪೋಸ್ಟು. ಗಾಬರಿ ಬೇಡ, ಕೋಡು ಒಂದು ಸಾಲೂ ಹಾಕಲ್ಲ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಧೈರ್ಯವಾಗಿ ಓದಬಹುದು, ಗೊತ್ತಿರೋರು ಓದಿ ಬೈಬಹುದು :)

ವಿಷಯ ಇಷ್ಟೇ. ನಮ್ಮ ದೊಡ್ಡಪ್ಪನ ಮಗ ಊರಿಗೊಂದು ಜಾಲತಾಣ ಮಾಡಲೇಬೇಕು ಅಂತ ಹಠ ಹಿಡಿದಿದ್ದಾನೆ. ಊರು ಅಂದರೆ ಚಂದ್ರಗುತ್ತಿ, ಸೊರಬ ತಾಲ್ಲೂಕಿನ ಹೋಬಳಿ. ರೇಣುಕಾಂಬೆ ಜಾತ್ರೆ, ಗುಡ್ಡದ ಮೇಲಿನ ಕೋಟೆ ಅಂದರೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ಅಟ್ಟದ ಮೇಲೆ ಬಿದ್ದಿರೋ ಕಡತಗಳ ಫೋಟೋ, ಶಾಸನಗಳ ಪಾಠ, ಹಿರಿಯರು ಹೇಳೋ ಕತೆಗಳ ರೆಕಾರ್ಡಿಂಗು, ಗದ್ದೆ ತೋಟಗಳ ಹಳೇ ಹೆಸರುಗಳು, ಎಲ್ಲಾ ಒಂದು ಕಡೆ ಸೇರಬೇಕು ಅಂತ ಅವನ ಆಸೆ. ಆಸೆ ಒಳ್ಳೇದೇ. ಹಿರಿಯರು ಒಬ್ಬೊಬ್ಬರಾಗಿ ಹೋಗ್ತಾ ಇದಾರೆ, ಹೆಸರುಗಳೂ ಅವರ ಜೊತೆ ಹೋಗ್ತಾ ಇವೆ.

ಅವನ ಪ್ರಶ್ನೆ: "ಅಣ್ಣ, ಯಾವ ಫ್ರೇಮ್‌ವರ್ಕ್ ಹಿಡಿಯಣ? ರಿಯಾಕ್ಟಾ, ಜ್ಯಾಂಗೋನಾ, ಲಾರವೆಲ್ಲಾ?"

ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೀತಿದೀನಿ.

ಮೊದಲು ಫ್ರೇಮ್‌ವರ್ಕ್ ಅಂದರೇನು? ಅಡಿಕೆ ತೋಟ ಇರೋರಿಗೆ ಸುಲಭವಾಗಿ ಅರ್ಥ ಆಗುತ್ತೆ. ಮನೇಲೊಂದು ಕತ್ತಿ ಇದೆ, ದೋಟಿ ಇದೆ. ಬೇಕಾದಾಗ ತಗೊಂಡು ಹೋಗ್ತೀವಿ, ಕೆಲಸ ಆದಮೇಲೆ ಮೂಲೆಗಿಡ್ತೀವಿ. ಇದು ಲೈಬ್ರರಿ. ಕೊನೆಕೊಯ್ಲಿಗೆ ಬರೋ ಕೊನೆಗಾರ ಹಾಗಲ್ಲ. ಅವನು ಬರೋ ದಿನ ಅವನದ್ದು, ಯಾವ ಮರದಿಂದ ಶುರು ಅನ್ನೋದೂ ಅವನದ್ದೇ. ಅವನು ಮೇಲಿಂದ ಕೊನೆ ಬಿಟ್ಟಾಗ ಕೆಳಗೆ ಹಗ್ಗ ಹಿಡಿದು ನಾವು ನಿಂತಿರಬೇಕು. ಇದು ಫ್ರೇಮ್‌ವರ್ಕ್. ಲೈಬ್ರರಿಯನ್ನ ನಾವು ಕರೀತೀವಿ, ಫ್ರೇಮ್‌ವರ್ಕು ನಮ್ಮನ್ನ ಕರೆಯುತ್ತೆ. ಕೆಲಸ ಬೇಗ ಮುಗಿಯುತ್ತೆ, ಆದರೆ ಅದರ ಲಯಕ್ಕೆ ನಾವು ಕುಣಿಯಬೇಕು.

ಹೆಚ್ಚಿನ ವೆಬ್ ಫ್ರೇಮ್‌ವರ್ಕುಗಳ ಹಿಂದಿರೋ ಒಂದು ಹಳೇ ಐಡಿಯಾ ಮಾಡೆಲ್–ವ್ಯೂ–ಕಂಟ್ರೋಲರ್. 1979ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿದ್ದಾಗ ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಇದನ್ನ ಹೊಳೆಯಿಸಿದ್ದು. ಆಗ ವೆಬ್ಬೇ ಇರಲಿಲ್ಲ! ಮಾಹಿತಿ ಇಡೋದು ಒಬ್ಬರ ಕೆಲಸ, ತೋರಿಸೋದು ಇನ್ನೊಬ್ಬರ ಕೆಲಸ, ಬಂದವರನ್ನ ಮಾತಾಡಿಸಿ ಯಾರಿಗೇನು ಬೇಕು ಅಂತ ಒಳಗೆ ಹೇಳೋದು ಮೂರನೆಯವರ ಕೆಲಸ. ಊಟದ ಮನೇಲಿ ಅಡಿಗೆಯವರು, ಬಡಿಸೋರು, ಪಂಕ್ತಿ ನೋಡ್ಕೊಳ್ಳೋರು ಬೇರೆ ಬೇರೆ ಇದ್ದಂಗೆ. ಇಷ್ಟರಲ್ಲಿ ಎಲ್ಲರೂ ಒಂದೇ. ವ್ಯತ್ಯಾಸ ಇರೋದು ಪ್ರತಿಯೊಂದೂ ಎಲ್ಲಿ ಹುಟ್ಟಿತು ಅನ್ನೋದರಲ್ಲಿ.

ರೂಬಿ ಆನ್ ರೈಲ್ಸ್ ಹುಟ್ಟಿದ್ದು ಬೇಸ್‌ಕ್ಯಾಂಪ್ ಅನ್ನೋ ಒಂದು ಉತ್ಪನ್ನದ ಹೊಟ್ಟೆಯಿಂದ. ಡೇವಿಡ್ ಹೈನಮಿಯರ್ ಹ್ಯಾನ್ಸನ್ ಅದನ್ನ ಕಟ್ಟುವಾಗ ಬರೆದ ಕೋಡಿನಲ್ಲಿ ಮತ್ತೆ ಮತ್ತೆ ಬೇಕಾಗೋ ಭಾಗ ಬೇರೆ ಮಾಡಿ 2004ರಲ್ಲಿ ಎಲ್ಲರಿಗೂ ಕೊಟ್ಟ. ಅದರ ಮಂತ್ರ: ಎಲ್ಲವನ್ನೂ ಬರೆದು ತಿಳಿಸಬೇಡ, ರೂಢಿ ಪಾಲಿಸಿದರೆ ಸಾಕು. ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಿನ ಪತ್ರಿಕಾ ಕಚೇರಿಯಲ್ಲಿ. 2003ರಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಶುರು ಮಾಡಿದ್ದು, 2005ರಲ್ಲಿ ಹೊರಗೆ ಬಂತು. ಪತ್ರಿಕೆಯವರಿಗೆ ಸಂಜೆಯೊಳಗೆ ಪುಟ ಆಗಬೇಕು, ವರದಿಗಾರರಿಗೆ ಕೋಡು ಬರಲ್ಲ. ಹಾಗಾಗಿ ಮಾಹಿತಿ ತುಂಬೋ ಪರದೆಗಳನ್ನ ಅದೇ ಕಟ್ಟಿಕೊಡುತ್ತೆ. ಡ್ರುಪಲ್ ಹುಟ್ಟಿದ್ದು ಬೆಲ್ಜಿಯಂನ ಆಂಟ್ವರ್ಪಿನಲ್ಲಿ, ಡ್ರೀಸ್ ಬೈಟಾರ್ಟ್ ಮತ್ತು ಗೆಳೆಯರು ಹಾಸ್ಟೆಲಿನಲ್ಲಿ ಸುದ್ದಿ ಹಂಚಿಕೊಳ್ಳೋಕೆ ಮಾಡಿಕೊಂಡ ಪುಟವಾಗಿ. 2001ರಲ್ಲಿ ಬಿಡುಗಡೆ ಆಯ್ತು. ಅದಕ್ಕೇ ಅದರಲ್ಲಿ ಸಮುದಾಯದ ವಾಸನೆ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ 'ಸಂಪದ' ನಿಂತದ್ದು ಇದರ ಮೇಲೇ. ನಮ್ಮಲ್ಲಿ ಎಷ್ಟೋ ಜನ ಕನ್ನಡದಲ್ಲಿ ಟೈಪಿಸೋದು ಕಲಿತದ್ದು ಅಲ್ಲಿ. ರಿಯಾಕ್ಟ್ ಫೇಸ್‌ಬುಕ್ಕಿನ ಕೂಸು, 2013ರದ್ದು. ಒಂದೇ ಪುಟದಲ್ಲಿ ಹತ್ತು ಕಡೆ ಕ್ಷಣಕ್ಷಣಕ್ಕೂ ಏನೋ ಬದಲಾಗ್ತಾ ಇರೋದು ಅವರ ತಲೆನೋವು, ಅದಕ್ಕೆ ಕಂಡುಕೊಂಡ ಮದ್ದು ಅದು.

ಅಂದರೆ ಪ್ರತಿ ಫ್ರೇಮ್‌ವರ್ಕೂ ಯಾವುದೋ ಒಂದು ಊರಿನ ತೊಂದರೆಗೆ ಹುಡುಕಿದ ಉತ್ತರ. ನಾವು ಕೇಳಬೇಕಾದ್ದು ಯಾವುದು ಜೋರು ಅಂತ ಅಲ್ಲ, ಯಾರ ತೊಂದರೆ ನಮ್ಮ ತೊಂದರೆಯ ಹಾಗಿದೆ ಅಂತ.

ಈಗ ಒಂದು ಸಣ್ಣ ಪರೀಕ್ಷೆ. ನಮ್ಮೂರಿನ ಹೆಸರನ್ನ ಇವುಗಳ ಬಾಯಿಗೆ ಹಾಕಿ ಏನು ಹೊರಗೆ ಬರುತ್ತೆ ನೋಡೋಣ. 'ಚಂದ್ರಗುತ್ತಿ' ನಮ್ಮ ಬಾಯಲ್ಲಿ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ 11 ಸಂಕೇತ, ಯಾಕಂದರೆ ಸೊನ್ನೆ, ಗುಣಿತದ ಚಿಹ್ನೆ, ವಿರಾಮ ಎಲ್ಲಾ ಬೇರೆ ಬೇರೆ ಲೆಕ್ಕ. ಯುಟಿಎಫ್-8ರಲ್ಲಿ ಪ್ರತಿ ಸಂಕೇತಕ್ಕೆ 3 ಬೈಟು, ಒಟ್ಟು 33. ನಾಲ್ಕು, ಹನ್ನೊಂದು, ಮೂವತ್ತಮೂರು. ಎಲ್ಲಾ ರಗಳೆಯೂ ಈ ಮೂರು ಲೆಕ್ಕಗಳ ನಡುವೆಯೇ.

ಪುಟದ ವಿಳಾಸಕ್ಕೆ ಶೀರ್ಷಿಕೆಯಿಂದಲೇ ಹೆಸರು ಮಾಡಿಕೊಡೋ ಸೌಲಭ್ಯ ಹೆಚ್ಚಿನವುಗಳಲ್ಲಿ ಇದೆ. ಬ್ಲಾಗರ್ ಕತೆ ನಿಮಗೇ ಗೊತ್ತು. ಕನ್ನಡದ ಶೀರ್ಷಿಕೆ ಕೊಟ್ಟರೆ ಬರೋದು ಬರೀ 'ಬ್ಲಾಗ್-ಪೋಸ್ಟ್', ಮುಂದಿನದಕ್ಕೆ ಬಾಲದಲ್ಲೊಂದು ನಂಬರು. ಮೊದಲು ಇಂಗ್ಲಿಷ್ ಶೀರ್ಷಿಕೆಯಲ್ಲಿ ಪಬ್ಲಿಶ್ ಮಾಡಿ ಆಮೇಲೆ ಕನ್ನಡಕ್ಕೆ ಬದಲಾಯಿಸೋ ಕಳ್ಳದಾರಿ ಎಷ್ಟು ಜನ ಹಿಡಿದಿಲ್ಲ! ರೈಲ್ಸಿಗೆ ಕೊಟ್ಟರೆ ಪೂರ್ತಿ ಖಾಲಿ. ಊರೇ ಇಲ್ಲ. ಡ್ರುಪಲ್ ಸುಮ್ಮನೆ ಒಂದು ನೋಡ್ ನಂಬರು ಕೊಟ್ಟು ಕೈ ತೊಳ್ಕೊಳ್ಳುತ್ತೆ, ಒಂದು ರೀತಿಯಲ್ಲಿ ಅದೇ ಮರ್ಯಾದೆ. ವರ್ಡ್‌ಪ್ರೆಸ್ ಹೆಸರನ್ನ ಉಳಿಸುತ್ತೆ, ಆದರೆ ಒಳಗೊಳಗೆ ಒಂದೊಂದು ಸಂಕೇತವನ್ನೂ 9 ಚಿಹ್ನೆಗಳಾಗಿ ಬರೆದುಕೊಳ್ಳುತ್ತೆ, ಒಟ್ಟು ಮಿತಿ 200. ಹಾಗಾಗಿ 'ಚಂದ್ರಗುತ್ತಿ ಕೋಟೆಯ ಹೆಬ್ಬಾಗಿಲು' ಅಂತ ಬರೆದರೆ 'ಹೆಬ್ಬಾ' ತನಕ ಬಂದು ಬಾಗಿಲು ಅರ್ಧಕ್ಕೇ ಮುರಿದು ಬೀಳುತ್ತೆ. ವಿಕಿಪೀಡಿಯದ ಹಿಂದಿರೋ ಮೀಡಿಯಾವಿಕಿ ಇವರೆಲ್ಲರಿಗಿಂತ ಸಭ್ಯ. 255 ಬೈಟಿನ ಮಿತಿ, ಅಂದರೆ ಕನ್ನಡದ 85 ಸಂಕೇತ, ಹೆಸರು ಹೇಗಿದೆಯೋ ಹಾಗೇ. ಜಗತ್ತಿನ ಎಲ್ಲಾ ಭಾಷೆಗಳ ಜೊತೆ ಬೆಳೆದ ಮನೆಯ ಮಗು, ನಡತೆಯಲ್ಲೇ ಗೊತ್ತಾಗುತ್ತೆ.

ಇನ್ನು ಜ್ಯಾಂಗೋ. ಸುಮ್ಮನೆ ಕೊಟ್ಟರೆ ಅದೂ ಖಾಲಿಯೇ. 2015ರ ಕೊನೆಗೆ ಬಂದ 1.9ನೇ ಆವೃತ್ತಿಯಿಂದ ಯೂನಿಕೋಡಿಗೆ ಒಪ್ಪಿಗೆ ಕೊಡೋ ಸೌಲಭ್ಯ ಇದೆ. ಒಪ್ಪಿಗೆ ಕೊಟ್ಟು ನಮ್ಮೂರ ಹೆಸರು ಹಾಕಿದರೆ ಬರೋದು: ಚದರಗತತ.

ನಗಬೇಡಿ. ಪೈಥಾನಿನ ಪದ ಹುಡುಕೋ ನಿಯಮಕ್ಕೆ ಗುಣಿತದ ಚಿಹ್ನೆ, ಸೊನ್ನೆ, ವಿರಾಮ ಇವು ಯಾವುವೂ ಅಕ್ಷರ ಅಲ್ಲ. ಅಕ್ಷರ ಅಲ್ಲದ್ದನ್ನೆಲ್ಲ ಅದು ಗುಡಿಸಿ ಹಾಕುತ್ತೆ. ಸೊರಬ 'ಸರಬ' ಆಗುತ್ತೆ, ಶಿಕಾರಿಪುರ 'ಶಕರಪರ', ಬನವಾಸಿ 'ಬನವಸ'. ಕಡಬದವರು ಮಾತ್ರ ಪುಣ್ಯವಂತರು, ಏನೂ ಕಳ್ಕೊಳ್ಳಲ್ಲ :)

ಇದೇನು ಮಹಾ, ವಿಳಾಸ ತಾನೇ ಅಂತೀರಾ? ನಮ್ಮಜ್ಜಿಯ ಹೆಸರು ಒಂದು ಕಚೇರಿಯ ಕಂಪ್ಯೂಟರಿನಲ್ಲಿ ಕೊನೇ ಅಕ್ಷರ ಹಾರಿಹೋಗಿ ದಾಖಲಾಗಿತ್ತು. 30 ಬೈಟಿನ ಖಾನೆಗೆ 33 ಬೈಟಿನ ಹೆಸರು ಸುರಿದರೆ ಹೀಗೇ ಆಗುತ್ತೆ. ಕೆಲವು ಡೇಟಾಬೇಸು ಇಂಥದ್ದಕ್ಕೆ ಗಲಾಟೆ ಮಾಡಿ ನಿಲ್ಲುತ್ತವೆ, ಕೆಲವು ಸುಮ್ಮನೆ ಕತ್ತರಿಸಿ ಮುಂದೆ ಹೋಗ್ತವೆ. ಅಜ್ಜಿದು ಯಾವ ಕಾರಣಕ್ಕೆ ಆಯ್ತೋ ಯಾರೂ ಹೇಳಲಿಲ್ಲ. ಎರಡೂ ಹೆಸರಿನವರು ಒಬ್ಬರೇ ಅಂತ ಅಫಿಡವಿಟ್ಟು ಮಾಡಿಸೋಕೆ ಮೂರು ಸಲ ಬಸ್ಸು ಹತ್ತಿಳಿದ ಮೇಲೆ ಅಜ್ಜಿ ಹೇಳಿದ್ದು: "ಇಬ್ರೂ ಒಬ್ರೇ ಅಂತ ಬರ್ಕೊಡಕಂತೆ. ನಾ ಯಾವಾಗ ಇಬ್ರಾಗಿದ್ನೋ ಮಾರಾಯ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಅವತ್ತಿನಿಂದ ಯಾರಾದರೂ ಯಾವುದಾದರೂ ಫ್ರೇಮ್‌ವರ್ಕನ್ನ ಹೊಗಳಿದರೆ ನಾನು ಮೊದಲು ಕೇಳೋದು: ಅದಕ್ಕೆ ಅಕ್ಷರ ಅಂದರೇನು ಅಂತ ಗೊತ್ತಾ?

ಎರಡನೇ ಪ್ರಶ್ನೆ: ಕೆಲಸ ಎಲ್ಲಿ ನಡೆಯುತ್ತೆ? 2000ದ ಆಸುಪಾಸಿನಲ್ಲಿ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂತಲ್ಲ, ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ಎನ್‌ಐಸಿಯವರ ತಂತ್ರಾಂಶದಲ್ಲಿ. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಸಣ್ಣ ಕೆಲಸವೇನಲ್ಲ ಅದು. ಆದರೆ ಆ ಕಾಲದ ವಿನ್ಯಾಸದಲ್ಲಿ ಕಂಪ್ಯೂಟರು ಇದ್ದದ್ದು ತಾಲ್ಲೂಕು ಕಚೇರಿಯಲ್ಲಿ. ಶ್ಯಾನುಭೋಗರ ಕಾಲ ಹೋಗಿ ಗ್ರಾಮ ಲೆಕ್ಕಿಗರ ಕೈಬರಹ ಇದ್ದಾಗ ಅವರನ್ನ ಹುಡುಕಬೇಕಿತ್ತು, ಈಗ 15 ರೂಪಾಯಿಯ ಪಹಣಿಗೆ ಸೊರಬದ ಬಸ್ಸು ಹಿಡಿಯಬೇಕಾಯ್ತು. ಆಮೇಲೆ ವ್ಯವಸ್ಥೆ ವೆಬ್ಬಿಗೆ ಬಂದು ಆ ದೂರ ಕಡಿಮೆ ಆಯ್ತು. ಆರ್ಕಿಟೆಕ್ಚರ್ ಅನ್ನೋ ದೊಡ್ಡ ಪದದ ಅರ್ಥ ನಮ್ಮ ಕಡೆ ಇಷ್ಟೇ: ಒಂದು ಕಾಗದಕ್ಕೆ ಮನುಷ್ಯ ಎಷ್ಟು ದೂರ ಹೋಗಬೇಕು?

ರಿಯಾಕ್ಟ್ ಥರದ್ದರಲ್ಲಿ, ಅದನ್ನ ಜನ ಹೆಚ್ಚಾಗಿ ಬಳಸೋ ರೀತಿಯಲ್ಲಿ, ಪುಟ ಜೋಡಿಸೋ ಕೆಲಸ ಓದುಗರ ಫೋನಿನ ಮೇಲೆ ಬೀಳುತ್ತೆ. ಮೊದಲು ಪ್ರೋಗ್ರಾಮು ಇಳಿಯಬೇಕು, ಅದು ಓಡಬೇಕು, ಅದು ಹೋಗಿ ಮಾಹಿತಿ ತರಬೇಕು, ಆಮೇಲೆ ಅಕ್ಷರ ಕಾಣಬೇಕು. ನಗರದಲ್ಲಿ ಇದು ಕಣ್ಣಿಗೇ ಬೀಳಲ್ಲ. ಆಷಾಢದ ಮಳೇಲಿ ಕರೆಂಟು ಹೋಗಿ, ಹಿಂದೆಯೇ ಟವರ್ರೂ ಹೋಗಿ, ಒಂದು ಕಡ್ಡಿ ಸಿಗ್ನಲ್ಲಿಗೆ ಜಗಲಿ ತುದೀಲಿ ನಿಂತವರಿಗೆ ಖಾಲಿ ಬಿಳಿ ಪರದೆ. 1500 ಪದದ ಕನ್ನಡ ಬರಹ ಅಂದರೂ ಸುಮಾರು 40 ಕಿಲೋಬೈಟು. ಅಷ್ಟಕ್ಕೆ ಇಷ್ಟು ಮೆರವಣಿಗೆ ಯಾಕೆ? ರಿಯಾಕ್ಟ್ ಬಳಗದವರಿಗೂ ಇದು ಅರ್ಥ ಆಗಿದೆ. 2016ರಲ್ಲಿ ಬಂದ ನೆಕ್ಸ್ಟ್ ಥರದ್ದೆಲ್ಲ ಮತ್ತೆ ಸರ್ವರಿನಲ್ಲೇ ಪುಟ ಕಟ್ಟೋ ದಾರಿಗೆ ಬಂದಿವೆ. ಸುತ್ತಾಡಿ ಹೊರಟ ಊರಿಗೇ ಬಂದಂಗೆ!

ಮೂರನೇ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಹತ್ತು ವರ್ಷ ಆದಮೇಲೆ ಇದನ್ನ ಯಾರು ನೋಡ್ಕೊಳ್ತಾರೆ?

ಫ್ರೇಮ್‌ವರ್ಕುಗಳಿಗೂ ಮುಪ್ಪು ಬರುತ್ತೆ. ಆಂಗ್ಯುಲರ್ ಜೆಎಸ್ 2010ರಲ್ಲಿ ಹುಟ್ಟಿ 2021ರ ಕೊನೆಗೆ ಅಧಿಕೃತವಾಗಿ ನಿಂತಿತು. ಡ್ರುಪಲ್ 7ರ ನಿರ್ವಹಣೆ 2025ರ ಜನವರಿ 5ಕ್ಕೆ ಮುಗೀತು. ಏಳರಿಂದ ಎಂಟಕ್ಕೆ ಹೋಗೋದು ಅಂದರೆ ಸುಣ್ಣ ಬಣ್ಣದ ಕೆಲಸ ಅಲ್ಲ, ಮನೆ ಬಿಚ್ಚಿ ಕಟ್ಟೋ ಕೆಲಸ. ಬಿಟ್ಟು ಸುಮ್ಮನಿದ್ದರೆ? 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯ್ತು. ಸ್ಟ್ರಟ್ಸ್ ಅನ್ನೋ ಜಾವಾ ಫ್ರೇಮ್‌ವರ್ಕಿನ ಒಂದು ತೂತು, ಅದಕ್ಕೆ ತೇಪೆ ಮಾರ್ಚಿನಲ್ಲೇ ಬಂದಿತ್ತು, ಹಾಕಿರಲಿಲ್ಲ. ಕಳ್ಳರು ಮೇ ತಿಂಗಳಲ್ಲಿ ಒಳಗೆ ಬಂದರು.

ನಮ್ಮ ದೇವಸ್ಥಾನ ನೋಡಿದೋರಿಗೆ ಗೊತ್ತು, ರೇಣುಕಾಂಬೆಯ ಗರ್ಭಗುಡಿ ಯಾರೂ ಕಟ್ಟಿದ್ದಲ್ಲ, ಬಂಡೆಯೊಳಗಿನ ಗುಹೆ ಅದು. ಎದುರಿನ ಮಂಟಪ ಮಾತ್ರ ಮನುಷ್ಯರು ಕಟ್ಟಿದ್ದು. ಕಟ್ಟಿದ್ದು ಬಿರುಕು ಬಿಡುತ್ತೆ, ಇನ್ನೊಬ್ಬರು ಬಂದು ರಿಪೇರಿ ಮಾಡ್ತಾರೆ. ಫ್ರೇಮ್‌ವರ್ಕ್ ಅಂದರೆ ಮಂಟಪ. ಗುಹೆ ಅಂದರೆ ನಮ್ಮ ಮಾಹಿತಿ. ಮಂಟಪ ಬಿದ್ದರೆ ಗುಹೆ ಮುಚ್ಚಿಹೋಗಬಾರದು, ಅಷ್ಟು ನೋಡ್ಕೊಂಡರೆ ಸಾಕು. ಅಟ್ಟದ ಮೇಲಿನ ಕಡತಗಳೂ ಇದನ್ನೇ ಹೇಳ್ತವೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಹಚ್ಚಿ, ಬಳಪದಲ್ಲಿ ಬರೆದದ್ದು. ಬಿಚ್ಚಿದರೆ ಈಗಲೂ ಓದಬಹುದು. ಅದಕ್ಕೆ ಯಾವ ಆವೃತ್ತಿಯೂ ಬೇಡ.

ಕೊನೆಗೆ ತಮ್ಮನಿಗೆ ಹೇಳಿದ್ದು ಜ್ಯಾಂಗೋ. ಹೆಸರು ಕೆಡಿಸೋ ಜ್ಯಾಂಗೋನೇ ಯಾಕೆ ಅಂತ ನೀವೂ ಕೇಳ್ತೀರಿ, ಅವನೂ ಕೇಳಿದ. ಅದು ಹುಟ್ಟಿದ ಊರಿನ ತೊಂದರೆ ನಮ್ಮ ತೊಂದರೆಗೆ ಹತ್ತಿರ: ಸಣ್ಣ ಊರು, ಹತ್ತು ಬಗೆಯ ವಿಷಯ, ಕೈಕೆಲಸಕ್ಕೆ ಜನ ಕಡಿಮೆ. ಮಾಹಿತಿ ತುಂಬೋ ಪರದೆ ತಾನಾಗಿ ಸಿಗುತ್ತೆ, ಅದಕ್ಕೆ ಕನ್ನಡ ಅನುವಾದವೂ ಅರೆಬರೆ ಇದೆ, ಅತ್ತಿಗೆಯೇ ಕೂತು ಕತೆ ಟೈಪಿಸಬಹುದು. ಪುಟ ಸರ್ವರಿನಲ್ಲೇ ಸಿದ್ಧವಾಗಿ ಬರುತ್ತೆ. ಚದರಗತತ ತೊಂದರೆಗೆ ಮದ್ದು ಸುಲಭ: ವಿಳಾಸಕ್ಕೆ ನಂಬರು, ಅದರ ಮುಂದೆ ಹೆಸರು, ಗುಣಿತವನ್ನೂ ಅಕ್ಷರ ಅಂತ ಒಪ್ಪೋ ನಾಲ್ಕು ಸಾಲು ನಾವೇ ಬರೆದುಕೊಂಡರಾಯ್ತು. ಆಮೇಲೆ ಒಂದು ಷರತ್ತು. ತಿಂಗಳಿಗೊಮ್ಮೆ ಎಲ್ಲಾ ಬರಹವೂ ಸಾದಾ ಪಠ್ಯವಾಗಿ, ಫೋಟೋಗಳ ಸಮೇತ, ಮೂರು ಬೇರೆ ಬೇರೆ ಮನೆಗಳ ಪೆನ್‌ಡ್ರೈವಿಗೆ ಹೋಗಬೇಕು.

"ಇದು ಹಳೇ ಕಾಲದ್ದಾಯ್ತಲ್ಲ ಅಣ್ಣ, ರೆಸ್ಯೂಮೆಗೆ ರಿಯಾಕ್ಟ್ ಇದ್ರೆ ಚಲೋ ಇತ್ತು" ಅಂದ. ಅವನ ಮಾತೂ ಸುಳ್ಳಲ್ಲ, ಅವನಿಗೂ ಕೆಲಸ ಸಿಗಬೇಕಲ್ಲ. ಅದಕ್ಕೆ ಕೋಟೆಯ ನಕ್ಷೆಯ ಪುಟ ಅವನಿಗೇ ಬಿಟ್ಟೆ. ಮುಟ್ಟಿದರೆ ಬಾಗಿಲು, ಕೊಳ, ಕಣಜ ಒಂದೊಂದಾಗಿ ತೆರೆದುಕೊಳ್ಳಬೇಕು. ಅಂಥದ್ದಕ್ಕೆ ರಿಯಾಕ್ಟ್ ಹೇಳಿ ಮಾಡಿಸಿದ್ದು.

ನಿಮ್ಮಲ್ಲಿ ಯಾರಾದರೂ ಊರಿನ ಪುಟ ಕಟ್ಟಿದ್ದರೆ ಯಾವುದರಲ್ಲಿ ಕಟ್ಟಿದಿರಿ, ಎಷ್ಟು ವರ್ಷ ನಿಂತಿತು ಬರೀರಿ. ಕಟ್ಟದಿದ್ದವರು ಇಷ್ಟು ಮಾಡಿ: ನಿಮ್ಮೂರ ಹೆಸರಿನ ಗುಣಿತ, ವಿರಾಮ, ಸೊನ್ನೆ ಎಲ್ಲಾ ಕಿತ್ತುಹಾಕಿ ಒಮ್ಮೆ ಗಟ್ಟಿಯಾಗಿ ಓದಿ. ಕಂಪ್ಯೂಟರಿಗೆ ನಮ್ಮೂರುಗಳು ಹೇಗೆ ಕೇಳಿಸ್ತವೆ ಅಂತ ಗೊತ್ತಾಗುತ್ತೆ.