ಕಾರ್ಟಿಸೋಲ್ ಹೇಳದ ಮಾತು



ರಕ್ತದೊತ್ತಡ, ಸಕ್ಕರೆ ಇವುಗಳ ಸಾಲಿಗೆ ಈಗ ಇನ್ನೊಂದು ಅಂಕಿಯೂ ನಮ್ಮ ಮನೆಗಳ ಮಾತುಕತೆಯಲ್ಲಿ ಸೇರಿಕೊಂಡಿದೆ. ಅದರ ಹೆಸರು ಕಾರ್ಟಿಸೋಲ್. ಮನಸ್ಸಿನ ಒತ್ತಡವನ್ನು ತೂಗಿ ಹೇಳುವ ಹಾರ್ಮೋನು ಇದೆಂದು ಅನೇಕರು ನಂಬಿದ್ದಾರೆ.

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಇದನ್ನು ಸ್ರವಿಸುತ್ತವೆ. ಇದು ನಮ್ಮ ಶತ್ರುವೇನಲ್ಲ. ನಿದ್ರೆಯಿಂದ ಏಳಲು, ಹಸಿದಾಗ ರಕ್ತದ ಸಕ್ಕರೆ ಕುಸಿಯದಂತಿರಲು, ಕಾಯಿಲೆಯನ್ನು ತಾಳಿಕೊಳ್ಳಲು ಇದು ಬೇಕೇ ಬೇಕು. ಮುಂಜಾವಿನಲ್ಲಿ ಏರುತ್ತದೆ, ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯೊಳಗೆ ತುದಿ ಮುಟ್ಟುತ್ತದೆ, ನಡುರಾತ್ರಿಯ ಹೊತ್ತಿಗೆ ತೀರ ತಗ್ಗುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆಯುತ್ತಾರೆ. ಹುಬ್ಬಳ್ಳಿಯ ರೈಲ್ವೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರ ಲಯವೇ ಬೇರೆ. ಗರ್ಭಿಣಿಯರಲ್ಲಿ ಅಂಕಿ ಏರಿರುತ್ತದೆ; ಉಬ್ಬಸಕ್ಕೆಂದು ಸ್ಟೀರಾಯ್ಡ್ ಸೇವಿಸುವವರಲ್ಲಿ ಅಂಕಿಯನ್ನು ನೆಚ್ಚುವಂತಿಲ್ಲ. ಸೂಜಿಯ ಭಯವೊಂದೇ ಅದನ್ನು ಏರಿಸಬಲ್ಲದು!

ಕಳೆದ ಮಳೆಗಾಲದಲ್ಲಿ ತಂದೆಯೊಬ್ಬರು ಮಗನ ವರದಿಯನ್ನು ನನ್ನ ಮುಂದಿಟ್ಟರು. ಮಗ ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು, ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವುದು ಇದು ಮೂರನೆಯ ವರ್ಷ. "ಫಾದರ್, ರಿಪೋರ್ಟ್ ನಾರ್ಮಲ್ ಬಂದೈತ್ರಿ. ನಿದ್ದಿ ಬರಂಗಿಲ್ಲ, ಊಟ ಸೇರಂಗಿಲ್ಲ ಅನ್ನೂದೆಲ್ಲಾ ಬರೇ ನೆವ." ಹುಡುಗ ತಲೆ ತಗ್ಗಿಸಿ ಪಕ್ಕದಲ್ಲೇ ಕುಳಿತಿದ್ದ. "ಅವನ ಕೋಣೆಯಲ್ಲಿ ಒಂದು ರಾತ್ರಿಯಾದರೂ ಇದ್ದು ನೋಡಿದ್ದೀರಾ?" ಎಂದು ಕೇಳಿದೆ. ಇಲ್ಲವೆಂದರು.

ಆ ಕಾಗದ ಸುಳ್ಳು ಹೇಳಿರಲಿಲ್ಲ. ಅದನ್ನು ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ವೈದ್ಯರು ಈ ಪರೀಕ್ಷೆಯನ್ನು ಮುಖ್ಯವಾಗಿ ಬರೆದುಕೊಡುವುದು ಹಾರ್ಮೋನು ಮಿತಿಮೀರುವ ಕುಶಿಂಗ್ ರೋಗ, ತೀರ ಕಡಿಮೆಯಾಗುವ ಅಡಿಸನ್ ರೋಗ ಇವುಗಳ ಶಂಕೆಯಿದ್ದಾಗ. ಖಿನ್ನತೆಯಿಂದ ನರಳುವ ಎಷ್ಟೋ ಜನರ ಕಾರ್ಟಿಸೋಲ್ ಸಹಜವಾಗಿಯೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಖಿನ್ನತೆಯ ರೋಗಿಗಳ ಕಾರ್ಟಿಸೋಲನ್ನು ಮೂರು ತಿಂಗಳ ಅಂತರದಲ್ಲಿ ಅಳೆದು, ಯೋಗಾಭ್ಯಾಸ ಮಾಡಿದವರಲ್ಲಿ ಹೆಚ್ಚು ಮಂದಿಗೆ ಅದು ಇಳಿದಿತ್ತೆಂದು 2013ರಲ್ಲಿ ಪ್ರಕಟಿಸಿದರು. ಬೆಲೆಯುಳ್ಳ ಕೆಲಸವೇ ಸರಿ. ಆದರೆ ಅದು ಗುಂಪುಗಳ ಹೋಲಿಕೆ; ಒಬ್ಬ ಹುಡುಗನ ಒಂದು ಬೆಳಗಿನ ರಕ್ತದಿಂದ ಅವನ ಸಂಕಟವನ್ನು ಅಳೆಯುವ ಉಪಾಯವಲ್ಲ. ಇನ್ನು ಕೈಗಡಿಯಾರಗಳು ತೋರಿಸುವ 'ಒತ್ತಡ'ದ ಅಂಕಿ ಸಾಮಾನ್ಯವಾಗಿ ಹೃದಯ ಬಡಿತಗಳ ನಡುವಿನ ಅಂತರದಿಂದ ಕಟ್ಟಿದ ಅಂದಾಜು. ಕಾರ್ಟಿಸೋಲಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ಹಾಗಾದರೆ ಮನೆಯವರು ಗಮನಿಸಬೇಕಾದದ್ದೇನು? ನಿದ್ರೆ ಯಾವಾಗ ಕೆಟ್ಟಿತು, ತಟ್ಟೆಯಲ್ಲಿ ಎಷ್ಟು ಅನ್ನ ಉಳಿಯುತ್ತಿದೆ, ಗೆಳೆಯರ ಕರೆಗೆ ಓಗೊಡುತ್ತಿದ್ದಾನೆಯೇ, 'ನಾನಿದ್ದು ಏನು ಪ್ರಯೋಜನ' ಎಂಬ ಮಾತು ಬಾಯಿಂದ ಬಂದಿದೆಯೇ. (ನಮ್ಮ ಅಜ್ಜಿಯರು 'ಯಾಕೋ ಮುಖ ಬಾಡೇತಿ' ಎಂದು ತಿಳಿಯುತ್ತಿದ್ದುದು ಯಾವ ಪ್ರಯೋಗಾಲಯದ ನೆರವಿನಿಂದಲೂ ಅಲ್ಲ.) ಇಂಥ ಬದಲಾವಣೆ ಎರಡು ವಾರ ಮೀರಿದರೆ ವೈದ್ಯರಿಗೆ ತೋರಿಸಿರಿ, ಕೊನೆಯ ಮಾತು ಕೇಳಿಬಂದರೆ ಅದೇ ದಿನ ಕರೆದೊಯ್ಯಿರಿ.

ಎಲ್ಲಿಗೆ ಎಂದು ದೂರ ಹುಡುಕಬೇಕಾಗಿಲ್ಲ. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆಯೇ ಇಂದಿನ ಡಿಮ್ಹಾನ್ಸ್. 'ಅಲ್ಲಿಗೆ ಹೋದರೆ ಜನ ಏನೆಂದಾರು' ಎಂಬ ಅಂಜಿಕೆಯಿಂದ ಅದರ ಬಾಗಿಲ ಮುಂದೆಯೇ ಹಾದು ಖಾಸಗಿ ಪ್ರಯೋಗಾಲಯಕ್ಕೆ ಹಣ ಸುರಿಯುವ ಕುಟುಂಬಗಳನ್ನು ನಾನು ಬಲ್ಲೆ. ಅಷ್ಟೂ ಸಂಕೋಚವೆನಿಸಿದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.